ಒಂದು ತೊಟ್ಟು ಎಣ್ಣೆ

ಧರ್ಮಸೂಕ್ಷ್ಮ ಎಂದಕೂಡಲೆ ನಮಗೆ ನೆನಪಾಗುವುದು ಕುರುಕ್ಷೇತ್ರದ ರಣರಂಗ, ಹರಿಶ್ಚಂದ್ರನ ಸ್ಮಶಾನ, ರಾಮನ ವನವಾಸ ಇಂಥ ದೊಡ್ಡ ದೊಡ್ಡ ಸಂದರ್ಭಗಳು. ಅಂಥವು ನಮ್ಮಂಥ ಸಾಮಾನ್ಯರ ಬಾಳಿನಲ್ಲಿ ಬರುವುದು ಅಪರೂಪ. ಬಂದರೂ ಅವು ಡಂಗುರ ಹೊಡೆದುಕೊಂಡೇ ಬರುವುದರಿಂದ ನಾವು ಹೇಗೋ ಮೈ ಕೊಡವಿಕೊಂಡು ಎಚ್ಚರವಾಗಿರುತ್ತೇವೆ. ಆದರೆ ಧರ್ಮಾಧರ್ಮಗಳ ದಿನನಿತ್ಯದ ವ್ಯಾಪಾರ ನಡೆಯುವುದು ಸದ್ದುಗದ್ದಲವಿಲ್ಲದ ಕಡೆ. ರಾತ್ರಿ ನಿಲ್ಲಿಸಿದ್ದ ಮೋಟಾರು ಸೈಕಲ್ಲಿನ ಕೆಳಗೆ ಬೆಳಗಾಗುವಷ್ಟರಲ್ಲಿ ರೂಪಾಯಿಯಗಲದ ಒಂದು ಎಣ್ಣೆಯ ಕಲೆ ಬಿದ್ದಿರುತ್ತದೆ. ಗಾಡಿಯ ಯಜಮಾನ ಅದನ್ನು ಕಾಲಿನಿಂದ ಒರಸಿ ಕಚೇರಿಗೆ ಹೊರಡುತ್ತಾನೆ. ಇಷ್ಟರಲ್ಲಿ ಧರ್ಮದ ಪ್ರಶ್ನೆ ಎಲ್ಲಿ ಬಂತು ಎಂದು ಓದುಗರು ಮುಗುಳ್ನಗಬಹುದು. ನಗಲಿ. ಆದರೆ ಆ ಕಲೆಯ ಜಾಡು ಹಿಡಿದು ಸ್ವಲ್ಪ ದೂರ ಹೋಗಿ ನೋಡುವುದರಲ್ಲಿ ನಷ್ಟವೇನಿಲ್ಲ.

ತುಮಕೂರಿನಿಂದ ಉತ್ತರಕ್ಕೆ ಸುಮಾರು 25 ಕಿಲೋಮೀಟರ್ ಹೋದರೆ ಕೊರಟಗೆರೆ. ಒಂದು ಕಡೆ ಸಿದ್ಧರಬೆಟ್ಟ, ಇನ್ನೊಂದು ಕಡೆ ಚನ್ನರಾಯನದುರ್ಗದ ಕೋಟೆಗುಡ್ಡ. ದೇವರಾಯನದುರ್ಗದಲ್ಲಿ ಹುಟ್ಟಿ ಉತ್ತರಮುಖವಾಗಿ ಹರಿಯುವ ಜಯಮಂಗಲಿ. ಮಳೆ ಕಡಮೆಯ ಸೀಮೆ, ಬಂಡೆ ಬಿಸಿಲಿನ ಸೀಮೆ. ಇಲ್ಲಿ ಈಗ ಮೋಟಾರು ಸೈಕಲ್ಲು ಎಂಬುದು ಷೋಕಿಯ ವಾಹನವಲ್ಲ, ಹಿಂದಿನ ಎತ್ತಿನ ಗಾಡಿಯ ಸ್ಥಾನಕ್ಕೆ ಬಂದಿರುವ ದುಡಿಯುವ ಜೀವ. ಡೈರಿಗೆ ಹೋಗುವ ಹಾಲಿನ ಕ್ಯಾನು, ಸಂತೆಗೆ ಹೋಗುವ ತರಕಾರಿಯ ಮೂಟೆ, ಗೊರವನಹಳ್ಳಿಯ ಲಕ್ಷ್ಮಿಯ ದರ್ಶನಕ್ಕೆ ಹೊರಟ ಗಂಡ ಹೆಂಡತಿ ಮಗು, ಎಲ್ಲ ಅದರ ಬೆನ್ನಿನ ಮೇಲೆಯೇ. ಆದ್ದರಿಂದ ಇಂಥ ಊರಿನಲ್ಲಿ ಗಾಡಿ ರಿಪೇರಿಯವನ ಶೆಡ್ಡಿಗೆ, ವೈದ್ಯನ ಮನೆಗೂ ಕಮ್ಮಾರನ ಕುಲುಮೆಗೂ ಇದ್ದ ಗೌರವ ಎರಡೂ ಸೇರಿ ಬಂದಿದೆ. ಅನುಮಾನವೂ ಅಷ್ಟೇ ಸೇರಿ ಬಂದಿದೆ.

ಎತ್ತಿನ ಗಾಡಿಯ ಕಾಲದಲ್ಲಿ ಈ ಅನುಮಾನಕ್ಕೆ ಎಡೆಯಿರಲಿಲ್ಲ. ಗುಂಬ, ಅಚ್ಚು, ಕಡಾಣಿ ಎಲ್ಲವೂ ಬಯಲಿನಲ್ಲೇ ಇದ್ದವು. ಕೀಲೆಣ್ಣೆ ಸೋರಿದರೆ ಸೋರಿದ್ದು ಕಾಣುತ್ತಿತ್ತು, ಒಣಗಿದರೆ ಚಕ್ರ ತಾನೇ ಕಿರುಚಿ ಊರಿಗೆಲ್ಲ ತಿಳಿಸುತ್ತಿತ್ತು. ಗಾಡಿಯವನು ಇಳಿದು ಬಂದು ಒಂದಿಷ್ಟು ಎಣ್ಣೆ ಸವರಿದರೆ ಮುಗಿಯಿತು. ಯಂತ್ರ ಬಂದದ್ದೇ ತಡ, ಎಣ್ಣೆ ಒಳಮನೆ ಸೇರಿತು. ಅಲ್ಯೂಮಿನಿಯಮ್ಮಿನ ಗೋಡೆಗಳ ಹಿಂದೆ, ತಿರುಪುಗಳ ಕಾವಲಿನಲ್ಲಿ ಅದು ತನ್ನ ಕೆಲಸ ಮಾಡುತ್ತದೆ. ಎಣ್ಣೆ ಮರೆಯಾದದ್ದಷ್ಟೇ ಅಲ್ಲ, ಎಣ್ಣೆಯ ವಿಷಯದ ನಿಜವೂ ಮರೆಯಾಯಿತು. ಯಾವುದು ಮುಚ್ಚಿದ ಕೋಣೆಯಲ್ಲಿ ನಡೆಯುತ್ತದೆಯೋ ಅದನ್ನು ಒಬ್ಬ ನೋಡಿ ಬಂದು ಇನ್ನೊಬ್ಬನಿಗೆ ಹೇಳಬೇಕು; ಹೇಳಿದ್ದನ್ನು ಆ ಇನ್ನೊಬ್ಬ ನಂಬಬೇಕು. ಕ್ಲಚ್ಚಿನ ಸೀಲು ಧರ್ಮದ ವಿಷಯವಾಗುವುದು ಇಲ್ಲಿಂದ.

ನಮ್ಮ ಜನಕ್ಕೆ ಸೀಲು ಎಂದರೆ ಮೊದಲು ನೆನಪಾಗುವುದು ತಾಲ್ಲೂಕು ಕಚೇರಿಯ ರಬ್ಬರ್ ಮೊಹರು. ಕಾಗದದಲ್ಲಿ ಬರೆದದ್ದು ದಿಟ ಎಂದು ಸಾಕ್ಷಿ ಹೇಳುವುದು ಅದರ ಕೆಲಸ. ಗಾಡಿಯ ಸೀಲೂ ರಬ್ಬರಿನದೇ. ಅದರ ಕೆಲಸ ಮಾತ್ರ ಬೇರೆ. ಒಂದು ಲೋಹದ ಬಳೆ, ಅದಕ್ಕೆ ಅಂಟಿದ ರಬ್ಬರಿನ ತೆಳ್ಳನೆಯ ತುಟಿ, ತುಟಿಯ ಬೆನ್ನಿಗೆ ಕೂದಲೆಳೆಯಂಥ ತಂತಿಯನ್ನು ಸುತ್ತಿ ಮಾಡಿದ ಸ್ಪ್ರಿಂಗು, ಇಷ್ಟೇ ಅದರ ದೇಹ. ತಿರುಗುವ ಶಾಫ್ಟು ಎಣ್ಣೆಯ ಕೋಣೆಯ ಗೋಡೆಯನ್ನು ದಾಟಿ ಆಚೆಗೆ ಬರಬೇಕು, ಆದರೆ ಎಣ್ಣೆ ಅದರ ಜೊತೆ ಆಚೆಗೆ ಬರಬಾರದು. ಈ ಇಕ್ಕಟ್ಟಿನ ಬಾಗಿಲಿನಲ್ಲಿ ಕೂತು, ಹೋಗುವವನನ್ನು ಹೋಗಗೊಟ್ಟು ಉಳಿಯಬೇಕಾದದ್ದನ್ನು ಉಳಿಸಿಕೊಳ್ಳುವುದು ಸೀಲಿನ ಉದ್ಯೋಗ. ಅನೇಕ ಗಾಡಿಗಳಲ್ಲಿ ಕ್ಲಚ್ಚಿನ ತಂತಿ ಎಳೆದಾಗ ತಿರುಗುವ ಸಣ್ಣ ಶಾಫ್ಟು ಕವರಿನಿಂದ ಹೊರಗೆ ಇಣುಕುವ ಕಡೆ ಇಂಥದೊಂದು ಸೀಲು ಇರುತ್ತದೆ. ಇನ್ನು ಕೆಲವು ಗಾಡಿಗಳಲ್ಲಿ ಕ್ಲಚ್ಚನ್ನು ತಳ್ಳುವ ಕಡ್ಡಿ ಗೇರ್‌ಬಾಕ್ಸಿನ ಟೊಳ್ಳು ಶಾಫ್ಟಿನ ಮೂಲಕ ಆಚೆ ಮಗ್ಗುಲಿಗೆ ಬರುತ್ತದೆ. ಅಲ್ಲಿ ಚೈನಿನ ಹಲ್ಲುಚಕ್ರದ ಹತ್ತಿರ ಇನ್ನೊಂದು ಇರುತ್ತದೆ.

ಈ ತುಟಿಯ ಸ್ವಭಾವದಲ್ಲಿ ಒಂದು ಸ್ವಾರಸ್ಯವಿದೆ. ಸೀಲು ಶಾಫ್ಟನ್ನು ಒಣಗಿದಂತೆ ಗಟ್ಟಿಯಾಗಿ ಅಪ್ಪಿಕೊಂಡರೆ ಒಂದು ತೊಟ್ಟೂ ಸೋರಲಾರದು ಎಂದು ನಾವು ಎಣಿಸುತ್ತೇವೆ. ಹಾಗಲ್ಲ. ತುಟಿಗೂ ಶಾಫ್ಟಿಗೂ ನಡುವೆ ಕಣ್ಣಿಗೆ ಕಾಣದ ಎಣ್ಣೆಯ ಪದರ ಒಂದು ಇದ್ದೇ ಇರಬೇಕು. ಆ ಪದರವಿಲ್ಲದಿದ್ದರೆ ತಿಕ್ಕಾಟದ ಕಾವಿಗೆ ರಬ್ಬರು ಸೀದು ಬಿರುಸಾಗಿ ಕೆಲವೇ ದಿನಗಳಲ್ಲಿ ಸೀಳಿಹೋಗುತ್ತದೆ. ಅದಕ್ಕಾಗಿಯೇ ಬಲ್ಲ ಮೇಸ್ತ್ರಿ ಹೊಸ ಸೀಲು ಕೂರಿಸುವ ಮುಂಚೆ ಅದರ ತುಟಿಗೆ ಸ್ವಲ್ಪ ಎಣ್ಣೆಯನ್ನೋ ಗ್ರೀಸನ್ನೋ ಸವರುತ್ತಾನೆ. ಯಾವುದನ್ನು ತಡೆಯಬೇಕೋ ಅದರಿಂದಲೇ ತುಸು ತೇವಗೊಂಡಿರುವುದು ತಡೆಯುವವನಿಗೆ ಆಯುಸ್ಸು. ಕಟ್ಟುನಿಟ್ಟು ಎಂದರೆ ಒಣಕಲುತನ ಎಂದು ತಿಳಿದ ಯಜಮಾನರಿಗೂ ಉಪಾಧ್ಯಾಯರಿಗೂ ಈ ರಬ್ಬರ್ ತುಂಡು ಹೇಳಬಲ್ಲ ಮಾತು ಒಂದಿದೆ. ಅದನ್ನು ಅವರವರಿಗೆ ಬಿಟ್ಟು ಮುಂದೆ ಹೋಗೋಣ.

ಸೀಲು ಯಾಕೆ ಸೋರುತ್ತದೆ? ವಯಸ್ಸಾಗಿ ರಬ್ಬರು ಗಟ್ಟಿಯಾಗಿರಬಹುದು. ಬೇರಿಂಗು ಸವೆದು ಶಾಫ್ಟು ಅಲುಗಾಡುತ್ತಿರಬಹುದು. ವರ್ಷಗಟ್ಟಲೆ ಒಂದೇ ಕಡೆ ಉಜ್ಜಿದ್ದರಿಂದ ಶಾಫ್ಟಿನ ಮೇಲೆ ಗೀರು ಬಿದ್ದು ತೋಡಾಗಿರಬಹುದು. ಮೆತ್ತನೆಯ ರಬ್ಬರು ಉಕ್ಕನ್ನು ಸವೆಸುತ್ತದೆ ಎಂದರೆ ನಂಬುವುದು ಕಷ್ಟ, ಆದರೆ ಬೆರಳಿನ ಉಗುರು ಎಳೆದು ನೋಡಿದರೆ ಆ ತೋಡು ಸಿಕ್ಕುತ್ತದೆ. ಅಥವಾ ಸೀಲಿನದೂ ಶಾಫ್ಟಿನದೂ ತಪ್ಪಿಲ್ಲದೆ ಇರಬಹುದು. ಎಂಜಿನ್ನಿಗೆ ಉಸಿರಾಡಲು ಒಂದು ಕೊಳವೆ ಇರುತ್ತದೆ, ಬ್ರೀದರ್ ಎನ್ನುತ್ತಾರೆ. ಅದು ಕೊಳೆಯಿಂದ ಕಟ್ಟಿಕೊಂಡರೆ ಒಳಗಿನ ಒತ್ತಡಕ್ಕೆ ಬೇರೆ ದಾರಿಯಿಲ್ಲದೆ ಎಣ್ಣೆ ಎಲ್ಲಿ ಬಡವನಿದ್ದಾನೋ ಅಲ್ಲಿ ನುಗ್ಗುತ್ತದೆ. ಬಯಲುಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆರೆಗೆ ತೂಬೂ ಬೇಕು, ಕೋಡಿಯೂ ಬೇಕು. ಕೋಡಿಯನ್ನು ಮುಚ್ಚಿ, ಏರಿ ಒಡೆಯಿತೆಂದು ಏರಿಯ ಮಣ್ಣನ್ನು ಬೈದರೆ ಏನು ಬಂತು? ಹೊಸ ಮಣ್ಣು ಹಾಕಿದರೂ ಮುಂದಿನ ಮಳೆಗೆ ಅದೇ ಕಥೆ. ಹಾಗೆಯೇ ಬ್ರೀದರನ್ನು ನೋಡದೆ ಹಾಕಿದ ಹೊಸ ಸೀಲು.

ಈಗ ಮೇಸ್ತ್ರಿಯ ಮುಂದಿನ ಪ್ರಶ್ನೆಗೆ ಬರೋಣ. ಕೊರಟಗೆರೆಯಂಥ ಊರಿನ ಯಾವುದೋ ಒಂದು ಶೆಡ್ಡು ಎಂದು ಇಟ್ಟುಕೊಳ್ಳಿ. ಸಂಬಳದಲ್ಲಿ ಬದುಕುವ ಒಬ್ಬ ಗೃಹಸ್ಥ ಗಾಡಿ ತಂದು ನಿಲ್ಲಿಸಿ, “ಎಣ್ಣೆ ಸೋರ್ತಾ ಇದೆ ಕಣಪ್ಪ, ಸೀಲು ಹಾಕಿಬಿಡು” ಎನ್ನುತ್ತಾನೆ. ಮೇಸ್ತ್ರಿ ಎಣ್ಣೆ ಇಳಿಸಿ, ಕವರ್ ಬಿಚ್ಚಿ, ಹಳೆಯ ಪ್ಯಾಕಿಂಗನ್ನು ಕೆರೆದು, ಸೀಲನ್ನು ಮೀಟಿ ತೆಗೆಯುತ್ತಾನೆ. ಉಗುರು ಆಡಿಸಿ ನೋಡಿದರೆ ಶಾಫ್ಟಿನಲ್ಲಿ ತೋಡು. ಗಿರಾಕಿ ಟೀ ಕುಡಿಯಲು ಹೋಗಿದ್ದಾನೆ. ತೋಡನ್ನು ಕಂಡವನು ಜಗತ್ತಿನಲ್ಲಿ ಒಬ್ಬನೇ.

ಅವನಿಗೆ ಮೂರು ದಾರಿಗಳಿವೆ. ಸುಮ್ಮನೆ ಹೊಸ ಸೀಲು ಕೂರಿಸಿ, ಕವರ್ ಮುಚ್ಚಿ, ಒರೆಸಿ, ಹಣ ತೆಗೆದುಕೊಂಡು ಕಳಿಸುವುದು ಮೊದಲನೆಯದು. ಗಿರಾಕಿ ಕೇಳಿದ್ದು ಸೀಲು, ಕೊಟ್ಟದ್ದು ಸೀಲು, ಸುಳ್ಳೇನೂ ಆಡಿದಂತಾಗಲಿಲ್ಲ. ಸೋರಿಕೆ ಕೆಲವು ವಾರ ನಿಂತಿರುತ್ತದೆ. ಮತ್ತೆ ಸೋರಿದರೆ ಸೀಲು ಕಂಪೆನಿಯನ್ನು ಬೈಯಬಹುದು. ಎರಡನೆಯದು ಇದಕ್ಕೆ ತಿರುವುಮುರುವು: ತೋಡನ್ನು ಹತ್ತು ಪಾಲು ಹಿಗ್ಗಿಸಿ ಹೇಳಿ, ಶಾಫ್ಟು, ಬೇರಿಂಗು, ಕ್ಲಚ್ಚಿನ ಪ್ಲೇಟುಗಳು ಎಲ್ಲವೂ ಹೋಗಿವೆಯೆಂದು ಹೆದರಿಸಿ ಬಿಲ್ಲು ಬೆಳೆಸುವುದು. ಮೂರನೆಯದು, ಕಂಡದ್ದನ್ನು ಕಂಡಷ್ಟೇ ಹೇಳುವುದು: “ಸಾರ್, ಸೀಲು ಹಾಕ್ತೀನಿ. ಆದ್ರೆ ಶಾಫ್ಟು ಸವ್ದೈತೆ, ನೋಡಿ, ಇಲ್ಲಿ ಉಗ್ರು ಇಡಿ. ಸೀಲನ್ನ ಒಂದು ಎಳೆ ಈಚೆಗೆ ಕೂರಿಸ್ತೀನಿ, ತುಟಿ ಹೊಸ ಜಾಗ್ದಲ್ಲಿ ಕೂರುತ್ತೆ. ಎಷ್ಟು ದಿನ ಬರುತ್ತೋ ಹೇಳಕ್ಕಾಗಲ್ಲ. ದುಡ್ಡಾದಾಗ ಶಾಫ್ಟು ಬದ್ಲಾಯ್ಸಿ.”

ಎರಡನೆಯ ದಾರಿ ಕೆಟ್ಟದ್ದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕಷ್ಟವಿರುವುದು ಮೊದಲನೆಯದರಲ್ಲಿ, ಏಕೆಂದರೆ ಅದನ್ನು ಸಮರ್ಥಿಸಲು ಬುದ್ಧಿವಂತ ವಾದಗಳಿವೆ. ಕೇಳಿದ್ದಕ್ಕಿಂತ ಹೆಚ್ಚು ಹೇಳುವುದು ಯಾರ ಕರ್ತವ್ಯ? ಶಾಫ್ಟಿನ ಮಾತೆತ್ತಿದರೆ ಗಿರಾಕಿ ತನ್ನನ್ನೇ ಕಳ್ಳನೆಂದುಕೊಂಡಾನು. ಅವನ ಜೇಬಿನಲ್ಲಿ ಶಾಫ್ಟಿಗೆ ಹಣವಿಲ್ಲ. ಇಲ್ಲದವನಿಗೆ ಹೇಳಿ ಅವನ ನೆಮ್ಮದಿ ಕೆಡಿಸುವುದೇಕೆ? ಈ ಮೂರು ವಾದಗಳನ್ನೂ ತಳ್ಳಿಹಾಕುವಂತಿಲ್ಲ. ಮೇಸ್ತ್ರಿಯೂ ಸಂಸಾರಸ್ಥ, ಸತ್ಯ ಹೇಳಿ ಗಿರಾಕಿಯನ್ನು ಪಕ್ಕದ ಶೆಡ್ಡಿಗೆ ಕಳಿಸಿಕೊಂಡರೆ ಸಂಜೆಗೆ ಅಕ್ಕಿ ತರುವವರು ಯಾರು? ನೀತಿಯನ್ನು ಉಪದೇಶಿಸುವವರು ಸಾಮಾನ್ಯವಾಗಿ ತಿಂಗಳ ಸಂಬಳದವರು. ಅದನ್ನು ಆಚರಿಸಬೇಕಾದವರು ದಿನಗೂಲಿಯವರು. ಈ ವ್ಯತ್ಯಾಸವನ್ನು ಮರೆತ ಉಪದೇಶಕ್ಕೆ ತೂಕ ಕಡಮೆ.

ಆದರೂ ಒಂದು ಭೇದವನ್ನು ಮಾಡಿಕೊಂಡರೆ ಗಂಟು ಸಡಿಲವಾಗುತ್ತದೆ ಎಂದು ತೋರುತ್ತದೆ. ರಿಪೇರಿ ಬೇರೆ, ರಿಪೇರಿಯ ವಿಷಯದ ಮಾತು ಬೇರೆ. ರಿಪೇರಿ ಅರ್ಧವಾಗಬಹುದು. ಹಣವಿಲ್ಲದೆ, ಬಿಡಿಭಾಗ ಸಿಕ್ಕದೆ, ಹೊತ್ತಿಲ್ಲದೆ, ಎಷ್ಟೋ ಸಲ ಅರ್ಧ ರಿಪೇರಿಯೇ ಸರಿಯಾದ ರಿಪೇರಿ. ಹಬ್ಬದ ಮಾರನೆಯ ದಿನ ಬರಿಗೈಯಲ್ಲಿ ಬಂದವನಿಗೆ ಹೊಸ ಶಾಫ್ಟು ಹಾಕಲೇಬೇಕೆಂದು ಹಟ ಹಿಡಿಯುವುದು ಪ್ರಾಮಾಣಿಕತೆಯಲ್ಲ, ಪ್ರಾಮಾಣಿಕತೆಯ ಜಂಬ. ಆದರೆ ರಿಪೇರಿ ಅರ್ಧವಾದಾಗ ಮಾತು ಪೂರ್ತಿಯಾಗಲೇಬೇಕು. ಅರ್ಧ ರಿಪೇರಿಯ ಮೇಲೆ ಅರ್ಧ ಮಾತು ಸೇರಿದರೆ ಅದು ಪೂರ್ತಿ ಮೋಸ. ಯಾಕೆಂದರೆ ತನ್ನ ಗಾಡಿ ಅರೆವಾಸಿಯೆಂದು ತಿಳಿದವನು ಅದಕ್ಕೆ ತಕ್ಕ ಹಾಗೆ ನಡೆಯುತ್ತಾನೆ. ಬೆಳಗ್ಗೆ ಬಗ್ಗಿ ನೋಡುತ್ತಾನೆ, ಎಣ್ಣೆಯ ಮಟ್ಟ ಅಳೆಯುತ್ತಾನೆ, ದೂರದ ಪ್ರಯಾಣಕ್ಕೆ ಬಸ್ಸು ಹತ್ತುತ್ತಾನೆ. ತಿಳಿಯದವನು ಪೂರ್ತಿ ನಂಬಿಕೊಂಡು ಹೊರಡುತ್ತಾನೆ. ಚೈನಿನ ಕಡೆಯ ಸೀಲು ಸೋರಿದರೆ ಎಣ್ಣೆ ಚೈನಿಗೆ ಹತ್ತುತ್ತದೆ. ಚೈನು ಅದನ್ನು ಹಿಂದಿನ ಚಕ್ರದತ್ತ ಎರಚುತ್ತದೆ. ಟೈರಿನ ಅಂಚಿಗೆ ಎಣ್ಣೆ ಹತ್ತಿದ ಗಾಡಿಯನ್ನು ಮಧುಗಿರಿಯ ರಸ್ತೆಯ ಒಂದು ತಿರುವಿನಲ್ಲಿ ಓರೆ ಮಾಡಿದರೆ ಏನಾಗುತ್ತದೆಂಬುದನ್ನು ವರ್ಣಿಸುವ ಅಗತ್ಯವಿಲ್ಲ. ಹಿಂದೆ ಕೂತ ಹೆಂಡತಿಗೂ ಟ್ಯಾಂಕಿನ ಮೇಲೆ ಕೂತ ಮಗುವಿಗೂ ಶೆಡ್ಡಿನಲ್ಲಿ ನಡೆದ ವ್ಯವಹಾರ ಗೊತ್ತಿಲ್ಲ. ಎರಡು ಜನರ ನಡುವಿನ ಮೌನಕ್ಕೆ ಬೆಲೆ ತೆರುವವರು ಮೂರನೆಯವರು.

ಹಾಗೆಂದು ಹೊಣೆಯೆಲ್ಲವನ್ನೂ ಎಣ್ಣೆಗೈಯ ಮನುಷ್ಯನ ತಲೆಗೆ ಕಟ್ಟಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. ಸೀಲಿನ ಬೆಲೆ ಅಲ್ಪ. ಅದನ್ನು ಹಾಕುವ ಶ್ರಮ ದೊಡ್ಡದು. ಒಳಗಿನ ಕೆಲವು ಸೀಲುಗಳಿಗೆ ಕ್ಲಚ್ಚಿನ ಬುಟ್ಟಿಯನ್ನೇ ಕಳಚಬೇಕು. ಕೂರಿಸುವಾಗ ಶಾಫ್ಟಿನ ಹಲ್ಲುಗಳು ತುಟಿಯನ್ನು ಗೀರದಂತೆ ಅವಕ್ಕೆ ಪ್ಲಾಸ್ಟಿಕ್ಕಿನ ಹಾಳೆ ಸುತ್ತಬೇಕು. ಸುತ್ತಿಗೆಯಿಂದ ಒಂದೇ ಕಡೆ ಬಡಿಯದೆ ಸುತ್ತಲೂ ಸಮನಾಗಿ ಒತ್ತಬೇಕು. ಸ್ಪ್ರಿಂಗಿರುವ ಮುಖ ಎಣ್ಣೆಯ ಕಡೆಗೇ ಇರಬೇಕು. ಕವರಿನ ತಿರುಪುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಇದರಲ್ಲಿ ಒಂದೂ ಮುಗಿದ ಮೇಲೆ ಕಾಣುವುದಿಲ್ಲ. ಗಿರಾಕಿ ಬಂದು, “ಇಷ್ಟು ಸಣ್ಣ ರಬ್ಬರಿಗೆ ಇಷ್ಟು ದುಡ್ಡಾ?” ಎಂದು ಹುಬ್ಬೇರಿಸುತ್ತಾನೆ. ಹೊಳೆಯುವ ಹೊಸ ಕನ್ನಡಿಗೆ ಚೌಕಾಸಿಯಿಲ್ಲದೆ ಕೊಡುವ ಅದೇ ಗೃಹಸ್ಥ, ಕಾಣದ ಕೆಲಸಕ್ಕೆ ಕೊಡಲು ಗೊಣಗುತ್ತಾನೆ. ಕಾಣದ ಕೆಲಸಕ್ಕೆ ಕೂಲಿ ಸಿಕ್ಕುವುದಿಲ್ಲವೆಂದಾದರೆ ಕಾಣದ ಕೆಲಸವನ್ನು ಮಾಡುವವರು ಕಡಮೆಯಾಗುತ್ತಾರೆ. ಹೊರಗಡೆ ಅಂಟು ಮೆತ್ತಿ ಒರೆಸಿ ಕಳಿಸುವವರು ಹೆಚ್ಚಾಗುತ್ತಾರೆ. ಸುಳ್ಳನ್ನು ಹೇಳುವವನು ಒಬ್ಬ. ಆದರೆ ಸುಳ್ಳಿಗೆ ಮಾರುಕಟ್ಟೆ ಕಟ್ಟಿಕೊಟ್ಟವರು ಹಲವರು. ನಿಜ ಹೇಳಿದ ಮೇಸ್ತ್ರಿಯನ್ನು ಅನುಮಾನಿಸಿ, ಸಿಹಿ ಹೇಳಿದವನನ್ನು ಹೊಗಳುವ ನಾವು ಆ ಹಲವರಲ್ಲಿ ಸೇರಿದವರೇ.

ಸೋರುವುದರಲ್ಲೂ ಎರಡು ಬಗೆ. ನೆಲದ ಮೇಲೆ ತೊಟ್ಟಿಕ್ಕುವುದು ಒಂದು. ಅದು ಕೊಳಕು, ಆದರೆ ಕಪಟವಿಲ್ಲದ್ದು. ಇನ್ನೊಂದಕ್ಕೆ ನಮ್ಮ ನಾಡಿನದೇ ಒಂದು ಉದಾಹರಣೆಯಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಆಮೇಲೆ ಯೆಜ್ಡಿ ಎಂಬ ಹೆಸರಿನಲ್ಲಿ ಮೋಟಾರು ಸೈಕಲ್ಲುಗಳನ್ನು ತಯಾರಿಸಿತು. ಜೋಡಿ ಸೈಲೆನ್ಸರಿನ ಆ ಗಾಡಿಗಳ ದನಿಯನ್ನು ನಮ್ಮಲ್ಲಿ ಎಷ್ಟೋ ಜನ ಮರೆತಿಲ್ಲ; ಇಂದಿಗೂ ಮಗುವಿನಂತೆ ಸಾಕಿಕೊಂಡಿರುವವರು ಇದ್ದಾರೆ. ಅದರದು ಟು-ಸ್ಟ್ರೋಕ್ ಎಂಜಿನ್ನು. ಪಿಸ್ಟನ್ನಿನ ಕೆಳಗಿನ ಕೋಣೆಯಲ್ಲಿ ಪ್ರತಿ ಸುತ್ತಿಗೂ ಒಮ್ಮೆ ಎಳೆತ, ಒಮ್ಮೆ ಒತ್ತಡ. ಪಕ್ಕದಲ್ಲೇ ಕ್ಲಚ್ಚಿನ ಕೋಣೆ, ಅದರ ತುಂಬ ಎಣ್ಣೆ. ಎರಡಕ್ಕೂ ನಡುವೆ ಗೋಡೆ, ಗೋಡೆಯ ತೂತಿನಲ್ಲಿ ತಿರುಗುವ ಶಾಫ್ಟು, ಅದರ ಸುತ್ತ ಒಂದು ಸೀಲು. ಈ ಸೀಲು ಸೋತರೆ ನೆಲದ ಮೇಲೆ ಒಂದು ತೊಟ್ಟೂ ಬೀಳುವುದಿಲ್ಲ. ಎಂಜಿನ್ನು ತನ್ನ ಎಳೆತದಿಂದ ಕ್ಲಚ್ಚಿನ ಎಣ್ಣೆಯನ್ನು ಒಳಕ್ಕೇ ಹೀರಿ ಸುಟ್ಟುಹಾಕುತ್ತದೆ. ಹಿಂದಿನಿಂದ ದಟ್ಟನೆಯ ಬಿಳಿ ಹೊಗೆ ಬರುತ್ತದೆ, ಪ್ಲಗ್ಗಿಗೆ ಮಸಿ ಕಟ್ಟುತ್ತದೆ. ನೆಲ ಮಾತ್ರ ಕನ್ನಡಿಯಂತೆ ಚೊಕ್ಕಟ. ಎಣ್ಣೆಯ ಮಟ್ಟವನ್ನು ಅಳೆದು ನೋಡಿದವನಿಗಷ್ಟೇ ಗೊತ್ತು, ದಿನದಿನಕ್ಕೂ ಎಲ್ಲಿಗೋ ಹೋಗುತ್ತಿದೆಯೆಂದು. ಟು-ಸ್ಟ್ರೋಕಿನ ಹೊಗೆ ಹೇಗೂ ಇದ್ದದ್ದೇ ಎಂದು ಸುಮ್ಮನಿದ್ದರೆ ಒಂದು ದಿನ ಕ್ಲಚ್ಚೂ ಚೈನೂ ಒಣಗಿ ಸವೆದುಹೋಗುತ್ತವೆ.

ಹೊರಗೆ ಸೋರುವವನನ್ನು ಜನ ಬೈಯುತ್ತಾರೆ, ಅವನು ತಿದ್ದಿಕೊಳ್ಳುತ್ತಾನೆ. ಒಳಗೆ ಸೋರುವವನ ಅಂಗಳ ಯಾವಾಗಲೂ ಚೊಕ್ಕಟವಾಗಿರುತ್ತದೆ. ಸಂಸ್ಥೆಗಳ ವಿಷಯದಲ್ಲಂತೂ ಈ ಮಾತು ಇನ್ನೂ ನಿಜ. ಅಮೆರಿಕದ ಚಾಲೆಂಜರ್ ಎಂಬ ಆಕಾಶನೌಕೆಯ ದುರಂತವನ್ನು ನೆನೆಯಬಹುದು. ಅದನ್ನು ಮೇಲಕ್ಕೊಯ್ಯುವ ರಾಕೆಟ್ಟುಗಳನ್ನು ತುಂಡುತುಂಡಾಗಿ ಮಾಡಿ ಜೋಡಿಸುತ್ತಿದ್ದರು. ಜೋಡಣೆಯ ಸಂದುಗಳಲ್ಲಿ ಬೆಂಕಿಯ ಗಾಳಿ ಹೊರಬರದಂತೆ ರಬ್ಬರಿನ ಬಳೆಗಳು. ನಮ್ಮ ಕ್ಲಚ್ಚಿನ ಸೀಲಿನ ದೂರದ ದಾಯಾದಿಗಳೆನ್ನಿ. ಹಿಂದಿನ ಹಲವು ಹಾರಾಟಗಳಲ್ಲೇ ಆ ಬಳೆಗಳು ಸ್ವಲ್ಪ ಸ್ವಲ್ಪ ಸುಟ್ಟದ್ದು ಕಂಡುಬಂದಿತ್ತು. ಆದರೂ ನೌಕೆ ಸುಖವಾಗಿ ಹಿಂದಿರುಗಿತಲ್ಲ! ಆದ್ದರಿಂದ ಅಷ್ಟು ಸುಡುವುದು ವಾಡಿಕೆ ಎಂದಾಯಿತು. 1986ರ ಜನವರಿ 27ರ ರಾತ್ರಿ, ಮಾರನೆಯ ದಿನ ವಿಪರೀತ ಚಳಿಯಿರುವುದರಿಂದ ರಬ್ಬರು ಬಿರುಸಾಗುತ್ತದೆ, ಹಾರಿಸಬೇಡಿ ಎಂದು ರಾಕೆಟ್ಟು ತಯಾರಿಸಿದ ಕಂಪೆನಿಯ ಎಂಜಿನಿಯರುಗಳು ಹೇಳಿದರು. ಮೇಲಿನವರು ಆ ಮಾತನ್ನು ತಿರುಗಿಸಿದರು. ಮಾರನೆಯ ಬೆಳಗ್ಗೆ ನೌಕೆ ಮೇಲೆದ್ದ 73 ಸೆಕೆಂಡುಗಳಲ್ಲಿ ಒಡೆದು ಚೂರಾಗಿ ಏಳು ಜನರೂ ಮಡಿದರು. ಆಮೇಲಿನ ವಿಚಾರಣೆಯಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಆ ರಬ್ಬರಿನ ಒಂದು ಚೂರನ್ನು ಇಕ್ಕಳದಲ್ಲಿ ಒತ್ತಿ, ಮಂಜುಗಡ್ಡೆಯ ನೀರಿನ ಲೋಟದಲ್ಲಿ ಅದ್ದಿ ತೆಗೆದು ಎಲ್ಲರ ಎದುರಿಗೆ ತೋರಿಸಿದ. ರಬ್ಬರು ತನ್ನ ಮೊದಲಿನ ರೂಪಕ್ಕೆ ಬೇಗ ಹಿಂದಿರುಗಲಿಲ್ಲ. ಶೆಡ್ಡಿನ ಮೇಸ್ತ್ರಿ ಗಿರಾಕಿಯ ಕೈ ಹಿಡಿದು “ಇಲ್ಲಿ ಉಗ್ರು ಇಡಿ” ಎಂದದ್ದಕ್ಕೂ ಇದಕ್ಕೂ ಅಂತರವೇನೂ ಇಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು, ಅಷ್ಟೇ.

ಸಣ್ಣ ಸೋರಿಕೆಯ ಅಪಾಯ ಅದರ ಪ್ರಮಾಣದಲ್ಲಿಲ್ಲ, ಅದಕ್ಕೆ ನಾವು ಒಗ್ಗಿಕೊಳ್ಳುವುದರಲ್ಲಿದೆ. ನಿನ್ನೆ ಒಂದು ತೊಟ್ಟು, ಏನೂ ಆಗಲಿಲ್ಲ. ಇಂದು ಎರಡು, ಏನೂ ಆಗಲಿಲ್ಲ. ಏನೂ ಆಗದಿರುವುದೇ ಸರಿಯಾಗಿರುವುದಕ್ಕೆ ಪುರಾವೆಯಾಗಿಬಿಡುತ್ತದೆ. ಲೆಕ್ಕದಲ್ಲಿ ಸಣ್ಣ ವ್ಯತ್ಯಾಸಕ್ಕೆ ಒಗ್ಗಿದ ಕಚೇರಿ, ಮನೆಯಲ್ಲಿ ಸಣ್ಣ ಮುಚ್ಚುಮರೆಗೆ ಒಗ್ಗಿದ ದಂಪತಿಗಳು, ಮಾತಿನಲ್ಲಿ ಸಣ್ಣ ಹಿಗ್ಗಿಸುವಿಕೆಗೆ ಒಗ್ಗಿದ ಸ್ನೇಹಿತ, ಎಲ್ಲರ ನೆಲವೂ ಚೊಕ್ಕಟವಾಗಿಯೇ ಇರುತ್ತದೆ. ಆಗಾಗ ಮಟ್ಟವನ್ನು ಅಳೆದು ನೋಡಬೇಕೆಂಬ ಎಚ್ಚರ ಮಾತ್ರ ಅಲ್ಲಿ ಕಾಣುವುದಿಲ್ಲ.

ಈ ಒಳಸೋರಿಕೆಯ ಕಥೆಗೆ ತುಮಕೂರು ಸೀಮೆಯವರು ಅಮೆರಿಕದವರೆಗೆ ಹೋಗಬೇಕಾದ್ದೇ ಇಲ್ಲ. ತುಮಕೂರಿನ ಹತ್ತಿರದ ಕೈದಾಳದವನೆಂದು ಹೇಳುವ ಜಕಣಾಚಾರಿಯ ಐತಿಹ್ಯ ನಮಗೆಲ್ಲ ಗೊತ್ತಿರುವುದೇ. ಬೇಲೂರಿನಲ್ಲಿ ಅವನು ಕಡೆದ ಮೂರ್ತಿಯ ಕಲ್ಲಿನಲ್ಲಿ ದೋಷವಿದೆಯೆಂದು ಒಬ್ಬ ಹುಡುಗ ಹೇಳಿದ. ಮೂರ್ತಿಗೆಲ್ಲ ಗಂಧ ಬಳಿದರು. ಎಲ್ಲ ಕಡೆ ಒಣಗಿತು, ಹೊಕ್ಕುಳ ಬಳಿ ಮಾತ್ರ ಒಣಗಲಿಲ್ಲ. ಅಲ್ಲಿ ಉಳಿ ತಾಗಿಸಿದಾಗ ಒಳಗಿನಿಂದ ನೀರೂ ಮರಳೂ ಕಪ್ಪೆಯೂ ಹೊರಬಂದವಂತೆ. ಇದನ್ನು ಇತಿಹಾಸವೆಂದು ತೆಗೆದುಕೊಳ್ಳಬೇಕಾಗಿಲ್ಲ. ಆದರೆ ಆ ಪರೀಕ್ಷೆಯನ್ನು ಗಮನಿಸಿ. ಇಂದಿಗೂ ಎಲ್ಲಿ ಸೋರುತ್ತಿದೆಯೆಂದು ತಿಳಿಯದೆ ಹೋದಾಗ ಬಲ್ಲ ಮೇಸ್ತ್ರಿ ಎಂಜಿನ್ನನ್ನು ತೊಳೆದು, ಒರೆಸಿ, ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ಉದುರಿಸಿ, ಗಾಡಿಯನ್ನು ಸ್ವಲ್ಪ ಹೊತ್ತು ಓಡಿಸುತ್ತಾನೆ. ಪೌಡರು ಎಲ್ಲಿ ಮೊದಲು ಒದ್ದೆಯಾಯಿತೋ ಅಲ್ಲಿದೆ ರೋಗದ ಮೂಲ. ಗಂಧ ಹೋಗಿ ಪೌಡರು ಬಂತು, ವಿದ್ಯೆ ಅದೇ.

ಕಥೆಯಲ್ಲಿ ಮುಂದೆ ಜಕಣಾಚಾರಿ ತನ್ನ ಬಲಗೈಯನ್ನು ಕತ್ತರಿಸಿಕೊಳ್ಳುತ್ತಾನೆ. ನಾವು ಆ ಭಾಗವನ್ನೇ ಹೆಚ್ಚು ಮೆಚ್ಚುತ್ತೇವೆ, ಮೆಚ್ಚಬೇಕಾದದ್ದು ಅದಲ್ಲವೇನೋ. ತಪ್ಪು ತೋರಿದರೆ ಕೈ ಹೋಗುತ್ತದೆ ಎಂಬ ಊರಿನಲ್ಲಿ ತಪ್ಪು ತೋರಿಸುವವರು ಹುಟ್ಟುವುದಿಲ್ಲ, ತೋರಿಸಿಕೊಳ್ಳುವವರಂತೂ ಇಲ್ಲವೇ ಇಲ್ಲ. ಮೆಚ್ಚಬೇಕಾದದ್ದು ಎರಡನ್ನು: ಹೆಸರಾಂತ ಶಿಲ್ಪಿಯ ಎದುರು ನಿಂತು ಕಂಡದ್ದನ್ನು ಹೇಳಿದ ಹುಡುಗನನ್ನು, ಮತ್ತು ಹುಡುಗನ ಮಾತೆಂದು ತಳ್ಳದೆ ಗಂಧ ತರಿಸಿದ ಹಿರಿಯನನ್ನು. ನಮ್ಮ ಶೆಡ್ಡುಗಳಲ್ಲಿಯೂ ಪಾನಾ ಎತ್ತಿಕೊಡುವ ಹುಡುಗನೊಬ್ಬ ಇರುತ್ತಾನೆ. “ಅಣ್ಣ, ಬ್ರೀದರ್ ಕಟ್ಕೊಂಡೈತೆ” ಎಂದು ಅವನು ಹೇಳಿದಾಗ ಅವನ ತಲೆಯ ಮೇಲೆ ಮೊಟಕುವುದೋ, ಬಗ್ಗಿ ನೋಡುವುದೋ ಎಂಬುದರ ಮೇಲೆ ಆ ಶೆಡ್ಡಿನ ಧರ್ಮ ನಿಂತಿದೆ. ಕೈದಾಳದಲ್ಲಿ ಚೆನ್ನಕೇಶವನ ಗುಡಿ ಕಟ್ಟಿದ ಮೇಲೆ ಜಕಣಾಚಾರಿಗೆ ಕೈ ಮತ್ತೆ ಬಂತೆಂದು ಐತಿಹ್ಯ ಹೇಳುತ್ತದೆ. ಕೈ ಕಡಿದುಕೊಂಡದ್ದರಿಂದ ಬರಲಿಲ್ಲ. ಮತ್ತೆ ಕೆಲಸ ಮಾಡಿದ್ದರಿಂದ ಬಂತು ಎಂಬುದನ್ನು ನೆನಪಿಡುವುದು ಲೇಸು.

ಇನ್ನೊಂದು ಮಾತು ಉಳಿದಿದೆ. ರಿಪೇರಿಗೆಂದು ಇಳಿಸಿದ ಕಪ್ಪು ಎಣ್ಣೆ ಎಲ್ಲಿಗೆ ಹೋಯಿತು? ಬಳಸಿದ ಎಣ್ಣೆಯನ್ನು ನಮ್ಮ ದೇಶದ ನಿಯಮಗಳು ಅಪಾಯಕರ ತ್ಯಾಜ್ಯಗಳ ಪಟ್ಟಿಯಲ್ಲಿ ಸೇರಿಸಿವೆ. ಡಬ್ಬದಲ್ಲಿ ಕೂಡಿಟ್ಟು, ಅದನ್ನು ಶುದ್ಧಿ ಮಾಡುವವರಿಗೆ ತಲುಪಿಸಬೇಕು. ಚರಂಡಿಗೆ ಸುರಿದರೆ ಚರಂಡಿ ಹಳ್ಳಕ್ಕೆ, ಹಳ್ಳ ಕೆರೆಗೆ, ಕೆರೆಯ ಕೋಡಿ ಜಯಮಂಗಲಿಗೆ. ಗಾಡಿಯ ಸೋರಿಕೆಯನ್ನು ನಿಲ್ಲಿಸಿ ಊರಿನ ನೀರಿಗೆ ಎಣ್ಣೆ ಬೆರೆಸಿದರೆ ನಾವು ಸೋರಿಕೆಯನ್ನು ನಿಲ್ಲಿಸಿದಂತಾಗಲಿಲ್ಲ, ಅದರ ಜಾಗ ಬದಲಾಯಿಸಿದಂತಾಯಿತು. ತನ್ನ ಅಂಗಳ ಚೊಕ್ಕಟವಾದರೆ ಸಾಕೆಂಬ ನೀತಿ ಇಲ್ಲಿಯೂ ಅದೇ ಒಳಸೋರಿಕೆಯ ನೀತಿ.

ಕಾಣದ ಕೆಲಸಕ್ಕೆ ಸಾಕ್ಷಿ ಯಾರು ಎಂಬುದು ಹಳೆಯ ಪ್ರಶ್ನೆ. ದೇವರು ನೋಡುತ್ತಾನೆ ಎಂದು ನಮ್ಮ ಹಿರಿಯರು ಉತ್ತರ ಕೊಟ್ಟರು. ಆ ನಂಬಿಕೆಯಿದ್ದವರಿಗೆ ಅದು ಸಾಕು. ಇಲ್ಲದವರೂ ನಿರಾಶರಾಗಬೇಕಾಗಿಲ್ಲ. ಸೀಲಿಗೂ ಶಾಫ್ಟಿಗೂ ನಡುವೆ ಏನು ನಡೆಯಿತೆಂಬುದನ್ನು ಕಾಲವೂ ರಸ್ತೆಯೂ ಹೇಗೂ ಹೊರಗೆ ತರುತ್ತವೆ. ಪ್ರಶ್ನೆಯಿರುವುದು ಅದು ಹೊರಬರುವ ಹೊತ್ತಿಗೆ ಅಲ್ಲಿ ಯಾರು ಇರುತ್ತಾರೆ ಎಂಬುದರಲ್ಲಿ: ಉಗುರು ಆಡಿಸಿ ನೋಡಿದ ಮೇಸ್ತ್ರಿಯೋ, ಇಲ್ಲ ತಿರುವಿನಲ್ಲಿ ಓರೆಯಾದ ಗಾಡಿಯ ಮೇಲೆ ಕೂತಿರುವ ಮಗುವೋ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ಹೇಳಿದವರು ಮಾನವನ್ನಷ್ಟೇ ಯೋಚಿಸಿದ್ದರು. ಈಗ ಅಡಿಕೆಗೆ ಪ್ರಾಣವೂ ಹೋಗುವ ಕಾಲ.

ಆದ್ದರಿಂದ ಒಳ್ಳೆಯ ಮೇಸ್ತ್ರಿಯನ್ನು ಗುರುತಿಸುವುದು ಹೇಗೆಂದು ಯಾರಾದರೂ ಕೇಳಿದರೆ, ಅವನ ಶೆಡ್ಡಿನ ಬೋರ್ಡನ್ನಾಗಲಿ ಪಾನಾಗಳ ಸಾಲನ್ನಾಗಲಿ ನೋಡಬೇಡಿ ಎನ್ನಬೇಕು. ಕೆಲಸ ಮುಗಿಸಿ, ಹಣ ಎಣಿಸಿ ಜೇಬಿಗಿಟ್ಟುಕೊಂಡ ಮೇಲೂ ಅವನು ಏನು ಹೇಳುತ್ತಾನೆಂದು ಕೇಳಿಸಿಕೊಳ್ಳಿ. “ಇನ್ನೇನೂ ತೊಂದ್ರೆ ಇಲ್ಲ, ಹೋಗ್ಬನ್ನಿ” ಎನ್ನುವವರು ಬಹಳ ಜನ. “ಒಂದು ನೂರು ಕಿಲೋಮೀಟ್ರು ಓಡ್ಸಿ, ಆಮೇಲೆ ಒಂದ್ಸಲ ತಂದ್ಬಿಡಿ ಸಾರ್, ನೋಡೋಣ” ಎನ್ನುವವನು ಸಿಕ್ಕಿದರೆ ಅವನನ್ನು ಬಿಡಬೇಡಿ. ಅವನ ಕೂಲಿಯಲ್ಲಿ ಚೌಕಾಸಿಯನ್ನೂ ಮಾಡಬೇಡಿ.